ಹಾಕಿ ಸರ್ ಮೇಲೆ ಬರೆದ ಅರ್ಜಿ

ಮೊಣಕಾಲಿಗೆ ನೋವಿನ ಎಣ್ಣೆ ತಿಕ್ಕಿಕೊಳ್ಳುವುದು ಈಗ ನನ್ನ ನಿತ್ಯದ ಕೆಲಸ. ಮೊನ್ನೆ ಭಾನುವಾರ ಬೆಳಿಗ್ಗೆಯೂ ಕಟ್ಟೆಯ ಮೇಲೆ ಕುಳಿತು ಅದನ್ನೇ ಮಾಡುತ್ತಿದ್ದೆ. ಆ ಘಾಟು ಮೂಗಿಗೆ ಹತ್ತಿದರೆ ಸಾಕು, ಗೋಕಾಕದ ನಮ್ಮ ಕಾಲೇಜಿನಲ್ಲಿ ಮೆಟ್ಟಿಲ ಕೆಳಗಿದ್ದ ಹಾಕಿ ತಂಡದ ಖೋಲಿ ನೆನಪಾಗುತ್ತದೆ. ನಾನೂ ಆಡುತ್ತಿದ್ದೆ ಎಂದು ನೀವು ತಿಳಿದರೆ ಅದು ನನ್ನ ಮೊಣಕಾಲಿಗೆ ಸಲ್ಲದ ಗೌರವ. ನಾನು ಸ್ಟಿಕ್ ಹಿಡಿದವನಲ್ಲ, ಹಿಡಿದವರ ಬಗ್ಗೆ ಮಾತಾಡುತ್ತಿದ್ದವನು. ಈ ನೋವು ಬರೀ ವಯಸ್ಸಿನದು.

ಅಷ್ಟರಲ್ಲಿ ಮೂಡಲಗಿಯಿಂದ ಬಸು ಫೋನ್ ಮಾಡಿದ. ಕಾಲೇಜಿನ ದಿನಗಳಿಂದ ನನ್ನ ಗೆಳೆಯ, ನನ್ನಷ್ಟೇ ಮಾತುಗಾರ.

"ಗ್ರೂಪ್ ನೋಡಿದ್ಯೋ ಇಲ್ಲೋ? ಆ ಕೋಚ್ ಮೂರು ಮಂದಿ ಛಲೋ ಹುಡುಗೂರನ್ನ ಹೊರಗ ಕುಂದ್ರಿಸ್ಯಾನ. ಶಿಸ್ತಂತ, ಶಿಸ್ತು. ಮುಂದಿನ ವರ್ಷ ಅಂವಾ ಇರಬಾರ್ದು. ನೀ ಒಂದು ಅರ್ಜಿ ಬರಿ."

ಗ್ರೂಪ್ ಎಂದರೆ ನಮ್ಮ ಕಾಲೇಜು ತಂಡದ ಹಳೆಯ ಅಭಿಮಾನಿಗಳದು. ಅಲ್ಲಿ ಯಾರು ಏನು ಬರೆದಿರುತ್ತಾರೆಂದು ಓದದೆಯೂ ಹೇಳಬಲ್ಲೆ. ಒಬ್ಬ ಶಿಸ್ತು ಬೇಕು ಎನ್ನುತ್ತಾನೆ, ಇನ್ನೊಬ್ಬ ಶಿಸ್ತು ಗೋಲು ಹೊಡೆಯುತ್ತದೆಯೇ ಎನ್ನುತ್ತಾನೆ. ಈ ವಾದ ಕೇಳಿ ಕೇಳಿ ದಣಿದಿದ್ದೇನೆ. ಚಹಾದಂಗಡಿಯ ಬೆಂಚಿನಿಂದ ಅದು ಫೋನಿಗೆ ಬಂದಿದೆ, ಅಷ್ಟೇ.

ನಮ್ಮ ಕಾಲದ ತಂಡದಲ್ಲಿ ಸಿದ್ದಪ್ಪ ಎಂಬವನಿದ್ದ. ಘೋಡಗೇರಿಯ ಕುರುಬರ ಮನೆಯವನು. ಚೆಂಡು ಅವನ ಸ್ಟಿಕ್ಕಿಗೆ ಅಂಟಿಕೊಂಡೇ ಓಡುತ್ತಿತ್ತು. ಬೆಳಗಿನ ಮೊದಲ ಬಸ್ಸಿಳಿದು ಸ್ಟ್ಯಾಂಡಿನಿಂದ ಮೈದಾನದವರೆಗೂ ಓಡುತ್ತಲೇ ಬರುತ್ತಿದ್ದ. ಕುರಿ ಈಯುವ ಕಾಲದಲ್ಲಿ ಒಮ್ಮೆ ಎರಡು ದಿನ ಅವನಿಗೆ ಆ ಬಸ್ಸು ತಪ್ಪಿತು. ತಂಡಕ್ಕೆ ಕಲಿಸುತ್ತಿದ್ದ ಹಾಕಿ ಸರ್ ಕಟ್ಟುನಿಟ್ಟಿನ ಮನುಷ್ಯ. ತಡವಾಗಿ ಬಂದವನು ಯಾರೇ ಆಗಲಿ, ಮುಂದಿನ ಪಂದ್ಯ ಆಡುವಂತಿರಲಿಲ್ಲ. ಮುಂದಿನ ಪಂದ್ಯ ಹುಕ್ಕೇರಿಯಲ್ಲಿತ್ತು.

ಅಲ್ಲಿ ಬಸು ಗೋಗರೆದ. "ಸರ್, ಇವತ್ತೊಂದಿನ ಆಡಸ್ರಿ ಅವನ್ನ."

"ಅಂವಗ ಹೇಳೀನಿ, ಅಂವಾ ಒಪ್ಯಾನ," ಎಂದರು ಸರ್. "ನಿಮಗೇನಾಗೈತಿ?"

ನಮಗೆ ಆದದ್ದು ಸೋಲು. ಮರುದಿನವೇ ಚಹಾದಂಗಡಿಯಲ್ಲಿ ಸರ್ ಬದಲಾಗಬೇಕೆಂದು ತೀರ್ಮಾನಿಸಿದೆವು. ಪ್ರಿನ್ಸಿಪಾಲರಿಗೆ ಅರ್ಜಿ ಬರೆಯುವ ಕೆಲಸ ದುಂಡಗಿನ ಅಕ್ಷರದ ನನ್ನ ಪಾಲಿಗೆ ಬಂತು. "ಬಡ ಆಟಗಾರನ ಮೇಲಿನ ದಬ್ಬಾಳಿಕೆ" ಎಂದು ಬರೆದು, ಆ ಸಾಲನ್ನು ನಾನೇ ಎರಡು ಸಲ ಓದಿ ಮೆಚ್ಚಿಕೊಂಡೆ. ಸಹಿ ಹಾಕಿಸಲು ಹೋದರೆ ಸಿದ್ದಪ್ಪ ಪೆನ್ನು ಮುಟ್ಟಲಿಲ್ಲ.

"ನಾ ತಡಾ ಮಾಡಿ ಬಂದಿದ್ದು ಖರೆ ಐತಿ. ಅದಕ್ಕ ಅವರ್ಯಾಕ ಹೋಗ್ಬೇಕು?"

ಪಾಪ, ಹೆದರಿದ್ದಾನೆ ಎಂದುಕೊಂಡು ಅವನ ಸಹಿ ಇಲ್ಲದೆಯೇ ಕೊಟ್ಟೆವು. ತಿಂಗಳೊಳಗೆ ತಂಡ ಬೇರೆಯವರ ಕೈಗೆ ಹೋಯಿತು. ಆ ದಿನ ಸರ್ ಚಹಾದಂಗಡಿಗೆ ಬಂದು ನನ್ನ ಬಾಜೂಕ್ಕೇ ಕುಳಿತರು. ಕಪ್ಪು ಖಾಲಿ ಮಾಡಿ, ಏಳುವಾಗ ಮೆಲ್ಲಗೆ ಕೇಳಿದರು:

"ಅರ್ಜಿ ನೀನ ಬರ್ದಿದ್ದಿ, ಹೌದಲ್ಲ? ಅಕ್ಷರ ಛಲೋ ಅದಾವ."

ಅವರು ಬೈದಿದ್ದರೆ ಇಷ್ಟು ವರ್ಷದಲ್ಲಿ ಮರೆತಿರುತ್ತಿದ್ದೆನೇನೋ.

ಹೊಸ ಸರ್ ಒಳ್ಳೆಯವರೇ. ಹಾಜರಿ ಕೇಳುತ್ತಿರಲಿಲ್ಲ, ಯಾರನ್ನೂ ಗದರುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸಿದ್ದಪ್ಪ ಮೈದಾನಕ್ಕೆ ಬರುವುದನ್ನೇ ಬಿಟ್ಟ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕಾರಣ ಕೇಳಿದೆ. ಅವನು ಹೇಳಿದ:

"ತಡಾ ಆದ್ರ ಸಿಟ್ಟಾಗವ್ರು ಯಾರೂ ಇಲ್ಲ ಈಗ. ಯಾರ ಸಲುವಾಗಿ ಓಡಿ ಬರ್ಲಿ?"

ಅವನಿಗಾಗಿಯೇ ಬರೆದ ಅರ್ಜಿ ಅವನ ಆಟವನ್ನೇ ನಿಲ್ಲಿಸಿತು. ಅವನ ಈ ಮಾತನ್ನು ನಾನು ಗೆಳೆಯರಿಗೆ ಹೇಳಲಿಲ್ಲ. ಹೇಳಿದ್ದರೆ ತಪ್ಪು ಒಪ್ಪಿಕೊಳ್ಳಬೇಕಾಗುತ್ತಿತ್ತು. ಸರ್ ನಿವೃತ್ತರಾಗಿ ಗೋಕಾಕ ಫಾಲ್ಸ್‌ನಲ್ಲಿದ್ದಾಗ ಎರಡು ಸಲ ಅವರ ಮನೆಯ ಓಣಿಯವರೆಗೂ ಹೋಗಿ ತಿರುಗಿ ಬಂದೆ. ಮೂರನೆಯ ಸಲ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಮೊನ್ನೆ ಇದೆಲ್ಲವನ್ನೂ ಬಸುವಿಗೆ ಮೊದಲ ಬಾರಿಗೆ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಬಸುವಿನ ಮಟ್ಟಿಗೆ ಅದು ದೊಡ್ಡದು.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲೋ?"

"ನಾಚಿಕಿ ಆತು."

ಅರ್ಜಿಯ ಮಾತು ಬಿಟ್ಟು ಬಸು ಕೇಳಿದ:

"ಈಗಿನ ಹುಡುಗೂರ ಪ್ರಾಕ್ಟೀಸ್ ಮುಂಜಾನೆ ಎಷ್ಟಕ್ಕ ಶುರು ಆಗ್ತೈತಿ?"

ನನಗೆ ಗೊತ್ತಿರಲಿಲ್ಲ. ಗ್ರೂಪಿನಲ್ಲಿ ಕೇಳಿ ಹಾಕಿದೆ. ಬೆಳಗಿನಿಂದ ಕೋಚ್ ಬಗ್ಗೆ ಬರೆಯುತ್ತಿದ್ದ ಅಷ್ಟು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.