ಸತ್ತ ಚೆಂಡಿಗೆ ಎರಡು ಅಂಕ

ಬೆಳಗಾವಿ ಸೀಮೆಯ ಬಾಸ್ಕೆಟ್‌ಬಾಲ್ ಅಂಗಳಗಳಲ್ಲಿ ನಿಯಮಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡ ತೀರ್ಪುಗಾರರು ಹಲವರಿದ್ದರು; ತಲೆಯಲ್ಲಿಟ್ಟುಕೊಂಡವರು ಶ್ರೀ ಗುರುಪಾದಪ್ಪನವರೊಬ್ಬರೇ. ಹಲಸಿಯಲ್ಲಿ ಹುಟ್ಟಿ, ಖಾನಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ದೈಹಿಕ ಶಿಕ್ಷಕರಾಗಿ ದುಡಿದು, ಈ ೧೯೮೯ರಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರನ್ನು ಹೊಗಳುವವರಿಗೆ ಇಂದು ವೇದಿಕೆ ಸಾಲದು. ಅವರ ಸೀಟಿ ಕಸಿದುಕೊಂಡ ದಿನ ಇವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ!

ರೈಲು ತಪ್ಪಿಸಿಕೊಂಡ ಆಟಗಾರರನ್ನು ಸೈಕಲ್ಲಿನಲ್ಲಿ ದೇಸೂರಿನವರೆಗೆ ಬಿಟ್ಟುಬರುತ್ತಿದ್ದ ಅವರು, ತೀರ್ಪಿನಲ್ಲಿ ಮಾತ್ರ ಸ್ವಂತ ಊರಿನವರಿಗೂ ಕೂದಲೆಳೆಯಷ್ಟು ಸಡಿಲ ಬಿಟ್ಟವರಲ್ಲ. ೧೯೭೬ರ ಜಿಲ್ಲಾ ಅಂತಿಮ ಪಂದ್ಯ ಬೆಳಗಾವಿಯಲ್ಲಿ; ತೀರ್ಪುಗಾರರು ಇವರೇ. ಅರ್ಧ ನಿಮಿಷವೂ ಉಳಿದಿರಲಿಲ್ಲ. ಖಾನಾಪುರ ೪೧, ನಗರ ತಂಡ ೪೦. ನಗರದ ತರಬೇತುದಾರ ಭರಮಪ್ಪ ಸಿಟ್ಟಿನಿಂದ ಟವೆಲನ್ನು ಅಂಗಳಕ್ಕೆಸೆದ. ಗುರುಪಾದಪ್ಪನವರು ಅದನ್ನು ಟೆಕ್ನಿಕಲ್ ಫೌಲ್, ಅಂದರೆ ನಡತೆಯ ತಪ್ಪು, ಎಂದು ಸಾರಿ ಖಾನಾಪುರಕ್ಕೆ ಒಂದು ಫ್ರೀ ಥ್ರೋ ಕೊಟ್ಟರು.

“ಯಾರಿಗೆ ಏಟು ಬಿದ್ದೈತ್ರಿ? ಏಟು ತಿಂದಾಂವನ ಒಗೀಬೇಕಲ್ಲ!” ಎಂದು ಭರಮಪ್ಪ ಕೂಗಿದ.

“ಇದು ಬೆಂಚಿನ ತಪ್ಪರೀ. ನಾಯಕ ಹೇಳಿದಾಂವ ಒಗೀತಾನ. ಉಳಿದವರು ಹಿಂದ ಸರೀರಿ, ಚೆಂಡು ಯಾರೂ ಹಿಡೀಬ್ಯಾಡ್ರಿ. ಆಮ್ಯಾಲ ಬಾಜುದಿಂದ ಖಾನಾಪುರದವರಿಗೇ ಕೊಡ್ತೀನಿ.”

ಆದರೆ ನಮ್ಮ ಅಂಗಳಗಳ ರೂಢಿಯೇ ಬೇರೆಯಿತ್ತು: ಫ್ರೀ ಥ್ರೋ ಯಾವುದೇ ಇರಲಿ, ತಪ್ಪಿದರೆ ಎಲ್ಲರೂ ಚೆಂಡಿಗೆ ಮುಗಿಬೀಳುವುದು. ಖಾನಾಪುರದ ಸಾತಪ್ಪನ ಎಸೆತ ಕಬ್ಬಿಣದ ಬಳೆಗೆ ಬಡಿದು ಸಿಡಿಯಿತು. ನಗರದ ಆಟಗಾರನೊಬ್ಬ ಅದನ್ನು ಹಿಡಿದು ಓಡಿ ಎದುರಿನ ಬುಟ್ಟಿಗೆ ಹಾಕಿಯೇಬಿಟ್ಟ. ನಿಯಮದ ಪ್ರಕಾರ ಎಸೆತ ಮುಗಿದಾಗಲೇ ಚೆಂಡು ಸತ್ತಿತ್ತು, ಅಂದರೆ ಆಟ ನಿಂತಿತ್ತು. ಗುರುಪಾದಪ್ಪನವರು ಅಂಕ ಕೊಡಲಿಲ್ಲ. ಖಾನಾಪುರ ಗೆದ್ದಿತು.

ಮರುದಿನ ನಗರ ತಂಡದ ದೂರಿನ ಮೇಲೆ ಮೇಲ್ಮನವಿ ಸಮಿತಿಯ ಮೂವರು ಹಿರಿಯರು ಕೂತರು. ಗುರುಪಾದಪ್ಪನವರು ನಿಯಮಪುಸ್ತಕ ತೆರೆದು ಮುಂದಿಟ್ಟರೆ, ಆ ಮೂವರು ಅದನ್ನು ಮುಚ್ಚಿ ಅದರ ಮೇಲೇ ಚಹಾದ ಬಟ್ಟಲಿಟ್ಟರು. “ಇಷ್ಟು ವರ್ಷ ಹ್ಯಾಂಗ ನಡದೈತಿ, ಹಾಂಗ ನಡೀತೈತಿ” ಎಂದರು. ನಗರಕ್ಕೆ ಎರಡು ಅಂಕ, ಪದಕ. ಗುರುಪಾದಪ್ಪನವರಿಗೆ ‘ಊರಿನ ಪಕ್ಷಪಾತಿ’ ಎಂಬ ಹಣೆಪಟ್ಟಿ, ಏಳು ವರ್ಷ ಬಹಿಷ್ಕಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ರಾಜ್ಯಮಟ್ಟದ ತೀರ್ಪುಗಾರರ ಪರೀಕ್ಷೆಗೆ ಅವರ ವಯಸ್ಸಿಗೆ ಅದೇ ಕೊನೆಯ ವರ್ಷ. ಆ ಬಾಗಿಲು ಶಾಶ್ವತವಾಗಿ ಮುಚ್ಚಿತು.

೧೯೮೩ರಲ್ಲಿ ಅದೇ ಸಮಿತಿ ಅದೇ ನಿಯಮವನ್ನು ಅಚ್ಚು ಹಾಕಿಸಿ ಎಲ್ಲ ಶಾಲೆಗಳಿಗೂ ಕಳಿಸಿತು. ಇವರಿಗೆ ಮರಳಿ ಕರೆ ಬಂತು. ತಪ್ಪಾಯಿತೆಂಬ ಒಂದು ಸಾಲೂ ಇರಲಿಲ್ಲ. ಆದರೂ ಹೊರಟರು.

“ಸಿಟ್ಟಿಲ್ಲೇನ್ರಿ ಸರ?” ಎಂದು ಕೇಳಿದರು, ಸಹೋದ್ಯೋಗಿ ಉಳವಪ್ಪ ಮಾಸ್ತರರು.

“ಐತ್ರಿ, ಭಾಳ ಐತಿ. ಆದ್ರ ಹುಡುಗೂರು ತಪ್ಪು ಆಟ ಕಲೀಬಾರದಲ್ಲ.”

೧೯೭೬ರ ಆ ಪಂದ್ಯದಲ್ಲಿ ಅಂಕ ಬರೆಯಲು ಕೂತಿದ್ದವರು ಈ ಉಳವಪ್ಪ ಮಾಸ್ತರರೇ. ಸಮಿತಿಯ ಮಾತಿಗಂಜಿ ಅಂಕದ ಹಾಳೆ ತಿದ್ದಿದ್ದೂ ಅವರದೇ ಕೈ. ಮೊನ್ನೆ ಈ ಅಭಿನಂದನ ಗ್ರಂಥದ ಸಂಪಾದಕರ ಮುಂದೆ ಆ ಹಳೆಯ ಹಾಳೆಯನ್ನಿಟ್ಟು, “ನಾ ಸುಳ್ಳು ಬರದೀನ್ರಿ. ಇದರಾಗರೆ ಖರೇದು ಛಾಪಸ್ರಿ” ಎಂದು ಕಣ್ಣೊರೆಸಿಕೊಂಡರು.

ಗುರುಪಾದಪ್ಪನವರು ನೂರು ವರ್ಷ ಬಾಳಲಿ, ಅವರ ಸೀಟಿ ಇನ್ನೂ ಬಹುಕಾಲ ಕೇಳಲಿ. ಸಮಿತಿಯ ದಾಖಲೆಯನ್ನು ಇಂದಿಗೂ ಯಾರೂ ತಿದ್ದಿಲ್ಲ. ಆದ್ದರಿಂದ ಈ ಗ್ರಂಥದಲ್ಲಿ ಅಚ್ಚಾಗಲಿ: ಖಾನಾಪುರ ೪೧, ನಗರ ೪೦.