ಕಿಟಕಿ ಕೆಳಗಿನ ಚುಕ್ಕಿ

ನಮ್ಮಪ್ಪ ರೈಲಿಲ್ಲದ ಸೀಮೆಯ ರೈಲಿನವನು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಯಾವ ಕಡೆ ಹೊರಟರೂ ಆಗ ಹಳಿ ಕಾಣುತ್ತಿರಲಿಲ್ಲ. ಗೌಡಗೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಎಲ್ಲರೂ ಕಡಲೆಕಾಯಿ ಬಿತ್ತುತ್ತಿದ್ದರೆ, ಅಪ್ಪ ದೂರದ ಅರಸೀಕೆರೆಯಲ್ಲಿ ಫೈರ್‌ಮನ್ ಆಗಿ ಉಗಿ ಇಂಜಿನ್ನಿಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದ. ರಜೆಗೆ ಬಂದಾಗ ಅವ್ವ ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಕಿವಿಯ ಹಿಂದಿನ ಕಪ್ಪು ಹೋಗುತ್ತಿರಲಿಲ್ಲ.

ಗಾಡಿ ನಿಂತಾಗ ಕೆಳಗಿಳಿದು, ಗಾಲಿಯ ಇರುಸು ಕಾದಿದೆಯೇ ಎಂದು ಕೈಯ ಹಿಂಬದಿಯಿಂದ ಮುಟ್ಟಿ ನೋಡುವುದು ಇಂಜಿನ್ನಿನವರ ಪದ್ಧತಿ. ಅಂಗೈ ಸುಟ್ಟುಕೊಂಡರೆ ಸಲಿಕೆ ಹಿಡಿಯುವವರಾರು? ನನಗೆ ಜ್ವರ ಬಂದರೂ ಅಪ್ಪ ಹಣೆಗೆ ಹಾಗೇ ಕೈಯಿಟ್ಟು, "ಇರುಸು ಕಾದೈತೆ, ಎಣ್ಣೆ ಬುಡ್ಬೇಕು" ಅನ್ನುತ್ತಿದ್ದ. ನಾನು ನಗುತ್ತಿದ್ದೆ. ಅವ್ವ ನಗುತ್ತಿರಲಿಲ್ಲ.

ಅವಳ ಸಿಟ್ಟಿಗೆ ಕಾರಣವಿತ್ತು. ನಾನು ಹುಟ್ಟಿದಾಗ ಹೆರಿಗೆ ಕಷ್ಟವಾಗಿ ಅವಳು ಸಾವಿನ ಬಾಗಿಲು ತಟ್ಟಿ ಬಂದಿದ್ದಳು. ಅಪ್ಪನಿಗೆ ತಂತಿ ಹೋಗಿತ್ತು. ಅವನು ಬಂದದ್ದು ಹದಿನೈದು ದಿನದ ಮೇಲೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಶುರುವಾದ ಜಗಳವೂ ನಮ್ಮ ಮನೆಯಲ್ಲಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

"ನಾನು ಸಾಯಂಗಿದ್ದಾಗ ನೀವು ಬರ್ಲಿಲ್ಲ."

"ಬರ್ಲಿಲ್ಲ, ದಿಟ. ರಜಾ ಕೊಡ್ಲಿಲ್ಲ. ಆದ್ರೆ ತಂತಿ ಬಂದ ದಿನವೇ ಉಳಿ ಮೊನೆ ಇಟ್ಟು ಇಂಜಿನ್ನಿನ ತಗಡಿಗೆ ಒಂದು ಚುಕ್ಕಿ ಹೊಡ್ದೆ. ನನ್ನ ಕಡೆ ಕಿಟಕಿ ಕೆಳಗೆ. ದಿನಾ ಅದನ್ನ ಮುಟ್ಕಂಡೇ ಬೆಂಕಿ ಹಾಕ್ತಿದ್ದೆ."

"ಯಾರು ಕಂಡವ್ರೆ ನಿಮ್ಮ ಚುಕ್ಕೀನ."

ತೋರಿಸೋಣವೆಂದರೆ ಉಗಿ ಇಂಜಿನ್ನುಗಳು ಒಂದೊಂದಾಗಿ ಗುಜರಿಗೆ ಹೋಗಿದ್ದವು. ಅವನೂ ನಿವೃತ್ತನಾಗಿ, ಅವ್ವನ ಜೊತೆ ಮಧುಗಿರಿಯ ನನ್ನ ಮನೆಗೆ ಬಂದ.

ಒಂದು ದಿನ ಪೇಪರಿನಲ್ಲಿ ಸುದ್ದಿ ಬಂತು. ದೂರದ ಒಂದು ಸ್ಟೇಷನ್ನಿನ ಮುಂದೆ ಹಳೆಯ ಉಗಿ ಇಂಜಿನ್ನೊಂದನ್ನು ಬಣ್ಣ ಬಳಿದು ನಿಲ್ಲಿಸಿದ್ದರು. ನಾನು ನಂಬರು ಓದಿದೆ. ಅಪ್ಪ ಇನ್ನೊಮ್ಮೆ ಓದಿಸಿದ. "ಅದೇ ಕಣ್ ಮಗಳೇ. ಕರ್ಕಂಡು ಹೋಗ್ತೀಯಾ?"

ನಾನು ಎರಡು ವರ್ಷ ತಡಮಾಡಿದೆ. ನಾನು ಪಾಠ ಮಾಡುವ ಶಾಲೆಯಲ್ಲಿ ಪರೀಕ್ಷೆ, ಆಮೇಲೆ ಬಿಸಿಲು, ಆಮೇಲೆ ಇನ್ನೇನೋ. ಕೆಲಸಕ್ಕೆ ಬಾರದ ಮದುವೆಗಳಿಗೆಲ್ಲ ಹೋಗಿಬರಲು ಮಾತ್ರ ನನಗೆ ಪುರಸೊತ್ತಿತ್ತು. ಕೊನೆಗೆ ಹೊರಟಾಗ ಅವನ ಕಣ್ಣು ಮಂಜಾಗಿತ್ತು. ಅವ್ವ ಬರಲಿಲ್ಲ. ಬಸ್ಸು ಕೊರಟಗೆರೆ ದಾಟುವಾಗ, ನಮ್ಮ ಕಡೆಗೂ ಬರಲಿರುವ ಹಳಿಗೆ ಮಣ್ಣು ಏರಿಸಿದ್ದನ್ನು ಹೇಳಿದೆ. "ಬರ್ಲಿ ಬುಡು. ಹೊಗೆ ಇಲ್ದಿದ್ ಮ್ಯಾಲೆ ಅದೆಂಥ ರೈಲು" ಅಂದ.

ಹಳೆಯ ಫೈರ್‌ಮನ್ ಎಂದು ತಿಳಿದು ಕಾವಲಿನವನು ಸರಪಳಿ ತೆಗೆದ. ಅಪ್ಪ ಬಗ್ಗಿ, ಇರುಸಿಗೆ ಕೈಯ ಹಿಂಬದಿ ಇಟ್ಟ. "ತಣ್ಣಗೈತೆ" ಅಂದ. ನನ್ನ ಭುಜ ಹಿಡಿದು ಮೇಲೆ ಹತ್ತಿ, ತನ್ನ ಕಡೆಯ ಕಿಟಕಿಯ ಕೆಳಗೆ ಬೆರಳಾಡಿಸಿದ. ಬಹಳ ಹೊತ್ತು ಆಡಿಸಿದ. ಆಮೇಲೆ ನನ್ನ ಬೆರಳು ಹಿಡಿದು ಒಂದು ಕಡೆ ಇಟ್ಟ.

"ಇಲ್ಲೈತೆ ನೋಡು."

ನನಗೆ ಸಿಕ್ಕಿದ್ದು ನುಣ್ಣನೆಯ ಬಣ್ಣ. ದಪ್ಪಗೆ ಬಳಿದಿದ್ದಾರೆ, ಮುಚ್ಚಿಹೋಗಿದೆ ಅಂದುಕೊಂಡೆ. ಮನೆಗೆ ಬಂದು ಅಪ್ಪ ಅವ್ವನಿಗೂ, "ಚುಕ್ಕಿ ಅಲ್ಲೇ ಐತೆ" ಅಂದ. ಅವಳು, "ನೀವು ಹೇಳೋದೇ, ನಾನು ಕೇಳೋದೇ" ಎಂದು ಒಳಗೆ ಹೋದಳು. ನಾಲ್ಕು ತಿಂಗಳಿಗೆ ಅಪ್ಪ ತೀರಿಕೊಂಡ.

ವರ್ಷದ ಪೂಜೆ ಮುಗಿದ ಮಾರನೆಯ ದಿನ ಅವ್ವ ತಾನಾಗಿ ಕೇಳಿದಳು: "ಆ ಚುಕ್ಕಿ ನಂಗೂ ತೋರ್ಸು."

ಈ ಸಲ ನಾನು ತಡಮಾಡಲಿಲ್ಲ. ಹೋದಾಗ ಇಂಜಿನ್ನಿಗೆ ಮತ್ತೆ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಹಳೆಯ ಬಣ್ಣ ಕೆರೆದು ಕಬ್ಬಿಣ ಬೋಳಾಗಿತ್ತು. ಅವ್ವ ಕೆಳಗೆ ಸುಧಾರಿಸಿಕೊಳ್ಳುತ್ತಿದ್ದಳು. ನಾನು ಮೊದಲು ಹತ್ತಿ ಕಿಟಕಿಯ ಕೆಳಗೆ ನೋಡಿದೆ. ಒಂದು ಗೀರೂ ಇರಲಿಲ್ಲ. ಬಣ್ಣದವನು ಹೇಳಿದ: "ಈ ಕಡೆ ತಗಡು ಹೊಸದು, ಮೇಡಂ. ಹಳೇದು ತುಕ್ಕು ತಿಂದಿತ್ತು. ಇಲ್ಲಿ ನಿಲ್ಸೋಕೆ ಮುಂಚೇನೇ ಕಿತ್ತು ಗುಜರಿಗೆ ಹಾಕಿದ್ರು."

ಹಾಗಾದರೆ ಅಪ್ಪನ ಬೆರಳಿಗೂ ಏನೂ ಸಿಕ್ಕಿರಲಿಲ್ಲ. ಅಷ್ಟು ದೂರ ಕರೆದುಕೊಂಡು ಬಂದ ಮಗಳು ನೊಂದಾಳೆಂದು 'ಐತೆ' ಅಂದಿದ್ದ.

ಅಷ್ಟರಲ್ಲಿ ಅವ್ವ ಏದುಸಿರು ಬಿಡುತ್ತಾ ಮೇಲೆ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು ಬೆರಳು ಚಾಚಿದಳು. ಬಣ್ಣದವನಿಗೆ ಕಣ್ಣಲ್ಲೇ ಸುಮ್ಮನಿರು ಅಂದೆ. ಅವಳ ಬೆರಳು ಹಿಡಿದು ಕಿಟಕಿಯ ಕೆಳಗೆ ಇಟ್ಟೆ.

"ಇಲ್ಲೈತೆ ಕಣವ್ವ."

ಅವ್ವ ಬೆರಳು ತೆಗೆಯಲಿಲ್ಲ. ಸುಕ್ಕುಗಟ್ಟಿದ ಆ ಬೆರಳು ನುಣುಪು ತಗಡನ್ನು ಒತ್ತಿಕೊಂಡೇ ಇತ್ತು.

"ದಿಟಾನೇ ಹೇಳವ್ರೆ" ಅಂದಳು. "ನಾನೇ ನಂಬ್ಲಿಲ್ಲ."