ಅಂಗಡಿಯ ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್

ಆ ಹುಡುಗಿಯನ್ನು ಅವರಪ್ಪ ಹೆಗಲ ಮೇಲೆ ಹಾಕಿಕೊಂಡು ವಾರ್ಡಿಗೆ ಬಂದ. ಅವಳ ಕಣ್ಣು ಮುಚ್ಚಿತ್ತು, ಎದೆ ಏದುಸಿರಿಗೆ ಮೇಲೆ ಕೆಳಗೆ ಆಗುತ್ತಿತ್ತು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ. ದಾಂಡೇಲಿಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಸಕ್ಕರೆ ಕಾಯಿಲೆ, ಥೈರಾಯ್ಡ್ ಎಂದು ಹಳಿಯಾಳ, ಜೋಯಿಡಾ ಕಡೆಯಿಂದ ಬರುವವರನ್ನೆಲ್ಲ ನೋಡಿಕೊಳ್ಳುವುದು ನನ್ನ ಕೆಲಸ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಒಂದೇ ಗತಿ, ಅದು ತಪ್ಪಿದರೆ ಜೀವಕ್ಕೇ ಕುತ್ತು ಬರುತ್ತದೆ. ಈ ಹುಡುಗಿಗೆ ಸೂಜಿ ಹಾಕಿಕೊಳ್ಳಲು ಕಲಿಸಿದವಳೂ ನಾನೇ.

ನನ್ನ ಬಾಯಿ ಮೊದಲೇ ಜೋರು. ಹಿಂದೆ ಓಡಿಬಂದ ತಾಯಿಯ ಮೇಲೆ ಹರಿಹಾಯ್ದೆ.

"ಸೂಜಿ ತಪ್ಪಿಸಿ ಎಷ್ಟ ದಿನಾ ಆತು? ಖರೇ ಹೇಳು."

"ಒಂದ ಹೊತ್ತೂ ತಪ್ಪಿಸಿಲ್ರಿ ಅಕ್ಕಾರ. ಇಕೀ ಮ್ಯಾಲ ಆಣಿ."

ಇಂಥ ಆಣೆಗಳನ್ನು ದಿನಾ ಕೇಳುತ್ತೇನೆ, ನಂಬಲಿಲ್ಲ. ಸಲೈನ್ ಹಚ್ಚಿ ನಮ್ಮಲ್ಲಿದ್ದ ಇನ್ಸುಲಿನ್ ಕೊಟ್ಟೆವು. ಮರುದಿನ ಮಧ್ಯಾಹ್ನ ಹುಡುಗಿ ಕಣ್ಣು ಬಿಟ್ಟಳು. ನೀರು ಕೇಳುವ ಮೊದಲೇ ನನಗೆ ಹೇಳಿದಳು, "ಅವ್ವಗ ಬೈಬ್ಯಾಡ್ರಿ. ಸೂಜಿ ನಾನಾ ಹಾಕ್ಕೊಂತೇನಿ. ದಿನಾ ಹಾಕ್ಕೊಂಡೇನಿ."

ಸೂಜಿ ತಪ್ಪಿಲ್ಲವೆಂದರೆ ತಪ್ಪಿದ್ದೇನು? ಔಷಧಿ ಎಲ್ಲಿಡುತ್ತೀರಿ ಎಂದು ತಾಯಿಯನ್ನು ಕೇಳಿದೆ. ಗಂಡ ಕಾಗದದ ಕಾರ್ಖಾನೆಯಲ್ಲಿ ದಿನಗೂಲಿ, ಮನೆಯಲ್ಲಿ ಫ್ರಿಜ್ ಇಲ್ಲ. ಓಣಿಯ ತುದಿಯ ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿ ಇಡುತ್ತೇವೆ ಎಂದಳು. ಓಣಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರೆಲ್ಲ ಅಲ್ಲೇ ಇಡುತ್ತಾರಂತೆ.

ಡ್ಯೂಟಿ ಮುಗಿಸಿ ಸೀದಾ ಅಂಗಡಿಗೆ ಹೋದೆ. ಅಂಗಡಿಯ ಭಾಯ್ ಪರಿಚಯದವರೇ, ಯಾರಿಗೂ ಇಲ್ಲ ಅನ್ನದ ಮನುಷ್ಯ. ಇನ್ಸುಲಿನ್ ನೋಡಬೇಕು ಎಂದೊಡನೆ ಖುಷಿಯಿಂದ ಫ್ರಿಜ್ಜಿನ ಮೇಲಿನ, ಮಂಜುಗಡ್ಡೆ ಕಟ್ಟುವ ಖಾನೆಯನ್ನೇ ತೆರೆದರು. ಐಸ್‌ಕ್ಯಾಂಡಿಗಳ ಪಕ್ಕದಲ್ಲಿ ಪುಟ್ಟ ಬಾಟಲಿಗಳು. ಅದಲುಬದಲಾಗದಿರಲೆಂದು ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದ್ದರು. ಒಳಗಿನ ಔಷಧಿ ಕಲ್ಲಿನಂತೆ ಗಟ್ಟಿಯಾಗಿತ್ತು.

"ಈ ಬ್ಯಾಸಿಗ್ಯಾಗ ಕರೆಂಟ್ ಭಾಳ ಹೋಗಾಕತ್ತಿತ್ರಿ ಸಿಸ್ಟರ್. ಔಷಧಿ ಕೆಟ್ಟೀತು ಅಂತ ಕೆಳಗಿದ್ದದ್ದು ಮ್ಯಾಲ ಇಟ್ಟೆ. ಅವರು ಬರೂ ಹೊತ್ತಿಗೆ ತೆಗದು ಕರಗಿಸಿ ಕೊಡ್ತೇನಿ."

ಬೈಯಲೆಂದೇ ಹೋಗಿದ್ದವಳು ದನಿ ಇಳಿಸಿದೆ.

"ಭಾಯ್, ಇದು ಒಮ್ಮೆ ಬರ್ಫ ಆತಂದ್ರ ಮುಗೀತು. ಕರಗಿಸಿದ್ರೂ ನೆಚ್ಚಾಕ ಬರೂದಿಲ್ಲ. ಆ ಹುಡುಗಿ ಸ್ವಲ್ಪದಾಗ ಉಳದಾಳ."

ಅವರ ಮುಖದ ಬಣ್ಣವೇ ಹೋಯಿತು. ಒಂದೊಂದೇ ಬಾಟಲಿ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಕೆಂಪು ದಾರದ್ದು ಹುಡುಗಿಯದು. ಎಲ್ಲಕ್ಕಿಂತ ಹಿಂದೆ, ಮಂಜುಗಡ್ಡೆಗೆ ಅಂಟಿಕೊಂಡಿದ್ದ ಹಸಿರು ದಾರದ ಬಾಟಲಿಯನ್ನು ಕೀಳಲು ಹೊತ್ತು ಹಿಡಿಯಿತು.

"ಇದು ನಮ್ಮ ಅಮ್ಮೀದ್ರಿ. ಅಲ್ಲಿ ಎಲ್ಲಾಕ್ಕಿಂತ ತಂಪ ಇರತೈತಿ ಅಂತ ಅಲ್ಲಿಟ್ಟಿದ್ದೆ."

ಅವರ ತಾಯಿ ಹೋದ ತಿಂಗಳು ಸಕ್ಕರೆ ಏರಿ ತೀರಿಕೊಂಡಿದ್ದರು. ಮಣ್ಣು ಮಾಡಲು ಓಣಿಗೆ ಓಣಿಯೇ ಹೋಗಿತ್ತು. ಭಾಯ್ ಬಾಟಲಿಯನ್ನು ಅಂಗೈಯಲ್ಲಿಟ್ಟುಕೊಂಡು, ಅದು ಕರಗುವುದನ್ನೇ ನೋಡುತ್ತ ನಿಂತರು.

"ಅಮ್ಮಿಗೆ ನಾನಾ ಸೂಜಿ ಮಾಡ್ತಿದ್ದೆ ಸಿಸ್ಟರ್," ಎಂದರು. "ಒಂದ ಹೊತ್ತೂ ತಪ್ಪಿಸಿಲ್ಲ."